ಎಕಂಬಾ ಊರಿನ ಉದ್ಯಾನರೇಖೆ

ಕರ್ನಾಟಕದ ಭೂಪಟವನ್ನು ಗೋಡೆಗೆ ತೂಗುಹಾಕಿ ನೋಡಿದರೆ ಅದರ ನೆತ್ತಿಯ ಮೇಲೆ ಬೀದರ ಜಿಲ್ಲೆಯು ಕುಳಿತಿರುವುದು. ಆ ಜಿಲ್ಲೆಯ ನೆತ್ತಿಯ ಭಾಗದಲ್ಲಿ ಔರಾದ ಸೀಮೆಯಿರುವುದು. ಆ ಸೀಮೆಯ ಹಳ್ಳಿಗಳಲ್ಲೊಂದಾದ ಎಕಂಬಾ ನಮ್ಮ ಜನ್ಮಭೂಮಿ. ಕನ್ನಡವೂ ಮರಾಠಿಯೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡುವ ನಾಡಿದು; ಲೇವಾದೇವಿಯ ಮಾತಿಗೆ ಬಂದಾಗ ಉರ್ದುವಿನ ಶಬ್ದಗಳೂ ತಾವಾಗಿ ಬಂದು ಸೇರುವುವು. 1948ರ ಸೆಪ್ಟೆಂಬರಿನವರೆಗೆ ಈ ಭಾಗವು ನಿಜಾಮರ ಆಳ್ವಿಕೆಯಲ್ಲಿದ್ದಿತು. 1956ರ ನವೆಂಬರ 1ರಂದು ಕನ್ನಡ ರಾಜ್ಯದಲ್ಲಿ ಕೂಡಿತು. ಪ್ರವಾಸಗ್ರಂಥಗಳಲ್ಲಿ ಈ ಊರಿನ ಹೆಸರು ಸಿಕ್ಕುವುದು ದುರ್ಲಭ. ಆದರೂ ಕಳೆದ ವೈಶಾಖದಲ್ಲಿ ನಾವು ಅಲ್ಲಿಗೆ ಮಾಡಿದ ಪ್ರವಾಸದಲ್ಲಿ ಕಲಿತುದು ವಾಚಕರಿಗೂ ಉಪಯೋಗವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಊರ ಶಾಲೆಗೆ ಹೋಗುವ ದಾರಿಯ ಮಗ್ಗುಲಲ್ಲಿ ನಮ್ಮ ತೀರ್ಥರೂಪರಿಂದ ಬಂದ ಒಂದು ಎಕರೆ ಹತ್ತು ಗುಂಟೆ ಎರೆಯ ನೆಲವುಂಟು. ಮೂರು ವರ್ಷಗಳ ಹಿಂದೆ ನಮ್ಮ ತಮ್ಮನು ಕಾಲವಶನಾದನು. ಬದುಕಿದ್ದಾಗ ಅವನು ಆ ತುಂಡಿನ ಬದುವಿನ ಮೇಲೆ ನಿಂತು, “ಅಣ್ಣಾ, ಇದನ್ನ ಮಾರೋದು ಬ್ಯಾಡ. ನಾಲ್ಕು ಗಿಡ ಹಚ್ಚಿ ಊರಿಗೆ ನೆರಳು ಮಾಡಿಬಿಡೋಣು,” ಎಂದು ಹಲವು ಸಲ ಹೇಳಿದ್ದನು. ಆಗಲಿ ಆಗಲಿ ಎನ್ನುತ್ತ ನಾವು ಕಾಲ ಕಳೆದೆವು. ಈಗ ಅದನ್ನು ನಿವೇಶನಗಳಾಗಿ ಕತ್ತರಿಸಿ ಮಾರಿದರೆ ಒಳ್ಳೆಯ ಹಣ ಬರುವುದೆಂದು ಕೊಳ್ಳುವವರು ಮನೆಯ ಬಾಗಿಲಿಗೇ ಬರತೊಡಗಿದ್ದಾರೆ. ಪರಸ್ಥಳದಲ್ಲಿರುವ ನಮ್ಮ ಮಗನ ಅಭಿಪ್ರಾಯವೂ ಮಾರುವ ಕಡೆಗೇ ಇದ್ದಿತು. “ಅಪ್ಪಾ, ತೋಟ ಮಾಡುವುದು ಸುಲಭ, ಕಾಪಾಡುವವರು ಯಾರು? ಎರಡು ವರ್ಷಕ್ಕೆ ಪಾಳುಬಿದ್ದರೆ ಮನೆಗೂ ಇಲ್ಲ, ಊರಿಗೂ ಇಲ್ಲ,” ಎಂಬ ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ತೋಟವು ನಿಂತೀತೆಂಬ ನಂಬಿಕೆ ಹುಟ್ಟಿದರೆ ತೋಟ, ಇಲ್ಲವಾದರೆ ಮಾರಾಟ. ಈ ವರ್ಷವೇ ಇದರ ನಿಶ್ಚಯವಾಗತಕ್ಕದ್ದೆಂದು ಮನೆಯಲ್ಲಿ ಮಾತಾಯಿತು.

ತಮ್ಮನ ಮಗಳು ಬೆಂಗಳೂರಿನಲ್ಲಿ ವಾಸ್ತುವಿದ್ಯೆಯನ್ನು ಕಲಿತವಳು. ಈ ಸುದ್ದಿ ಕೇಳಿದ ಕೂಡಲೆ ಆಕೆಯು ತನ್ನ ಗಣಕಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಬೀದರಿನ ನಮ್ಮ ಮನೆಗೆ ಬಂದಳು. ಅದರ ತೆರೆಯ ಮೇಲೆ ತೋಟದ ನಕ್ಷೆಯು ಆಗಲೇ ಸಿದ್ಧವಾಗಿದ್ದಿತು. ಬಳ್ಳಿಯಂತೆ ಬಳುಕುವ ದಾರಿಗಳು, ನಡುವೆ ಒಂದು ದುಂಡು ಕೊಳ, ಸುತ್ತಲೂ ಮರಗಳು. ಆಕೆ ತೆರೆಯ ಬದಿಯಲ್ಲಿದ್ದ ಒಂದು ಗುಂಡಿಯನ್ನು ಬೆರಳಿನಿಂದ ತುಸು ಸರಿಸಿದಳು. ಆಗ ಕೊಳವು ದೊಡ್ಡದಾಯಿತು. ದಾರಿಗಳು ತಾವಾಗಿ ಹಿಂದೆ ಸರಿದು ಎಡೆಗೊಟ್ಟುವು. ಮರಗಳು ಹೊಸ ಸಾಲಿನಲ್ಲಿ ನಿಂತುವು. ನಾವು ಕನ್ನಡಕವನ್ನು ಒರಸಿಕೊಂಡು ಮತ್ತೊಮ್ಮೆ ನೋಡಿದೆವು.

ಇದಕ್ಕೆ ಪ್ಯಾರಾಮೆಟ್ರಿಕ್ ರಚನೆಯೆಂದು ಹೆಸರಂತೆ. ಗೃಹಿಣಿಯರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಚುಕ್ಕಿಯ ರಂಗೋಲಿಯಲ್ಲಿ ನಡುವಿನ ಸಾಲಿಗೆ ಏಳು ಚುಕ್ಕಿಗಳನ್ನಿಟ್ಟು ಮೇಲೆ ಕೆಳಗೆ ಒಂದೊಂದು ಕಡಮೆ ಮಾಡುತ್ತ ನಾಲ್ಕಕ್ಕೆ ನಿಲ್ಲಿಸುವರಷ್ಟೆ. ನಡುವೆ ಒಂಬತ್ತಿಟ್ಟರೆ ಐದಕ್ಕೆ ನಿಲ್ಲುವುದು. ಎಳೆ ಎಳೆಯುವ ನಿಯಮವು ಮಾತ್ರ ಅದೇ. ಚುಕ್ಕಿಯ ಸಂಖ್ಯೆಯೊಂದು ಬದಲಾದರೆ ರಂಗೋಲಿಯೆಲ್ಲ ಅದಕ್ಕೆ ತಕ್ಕಂತೆ ಬೆಳೆಯುವುದು. ಹಾಗೆಯೇ ಇಲ್ಲಿ ಗೆರೆಗಳನ್ನು ಒಂದೊಂದಾಗಿ ಎಳೆಯುವುದಿಲ್ಲ; ಗೆರೆಗಳು ಹುಟ್ಟತಕ್ಕ ನಿಯಮವನ್ನು ಬರೆಯುವರು. ಯಾವ ಸಂಖ್ಯೆಯಿಂದ ಉಳಿದುದೆಲ್ಲ ನಡೆಯುವುದೋ ಅದನ್ನು ನಾವು ಆಧಾರಮಾನವೆಂದು ಕರೆಯೋಣ. 1960ರಲ್ಲಿ ಇಟಲಿಯ ಲುಯಿಜಿ ಮೊರೆಟ್ಟಿಯೆಂಬ ವಾಸ್ತುವಿದನು ಮಿಲಾನ್ ನಗರದ ಪ್ರದರ್ಶನದಲ್ಲಿ ಈ ರೀತಿಯಿಂದ ಯೋಚಿಸಿದ ಕ್ರೀಡಾಂಗಣಗಳ ಮಾದರಿಗಳನ್ನಿಟ್ಟಿದ್ದನು. 1963ರಲ್ಲಿ ಅಮೇರಿಕದ ಐವನ್ ಸದರ್‌ಲ್ಯಾಂಡನು ಗಣಕದ ತೆರೆಯ ಮೇಲೆ ನಿಯಮಕ್ಕೆ ಕಟ್ಟುಬಿದ್ದ ಗೆರೆಗಳನ್ನು ಎಳೆದು ತೋರಿಸಿದನು. ನಮ್ಮ ಹುಡುಗಿಯು ಬಳಸುವ ಸಾಧನವು 2007ರಲ್ಲಿ ಹೊರಬಂದುದು. ಅದರ ಹೆಸರು ಗ್ರಾಸ್‌ಹಾಪರ್, ಎಂದರೆ ಮಿಡತೆ. ಅದು ನಡೆಯುವುದು ರೈನೋ, ಎಂದರೆ ಖಡ್ಗಮೃಗವೆಂಬ ಇನ್ನೊಂದು ಸಾಧನದೊಳಗೆ. ಖಡ್ಗಮೃಗದ ಬೆನ್ನೇರಿದ ಮಿಡತೆಯು ತೋಟವನ್ನು ಬೆಳೆಸುವುದೆಂದರೆ, ಮಿಡತೆಯ ಕಾಟವನ್ನು ಬಲ್ಲ ನಮ್ಮ ರೈತರು ನಗದೆ ಇರಲಾರರು.

ಸಂಸ್ಕೃತವನ್ನು ಓದಿದ ನಮಗಾದರೋ ಇದನ್ನು ಕಂಡು ಶುಲ್ಬಸೂತ್ರಗಳ ನೆನಪಾಯಿತು. ಬೌಧಾಯನ ಆಪಸ್ತಂಬರು ಶ್ಯೇನಾಕಾರದ ಚಿತಿಯನ್ನು ಕಟ್ಟುವ ಕ್ರಮವನ್ನು ಹೇಳಿರುವರು. ಅದರ ಆಧಾರಮಾನವು ಪುರುಷವೆಂಬುದು, ಎಂದರೆ ಯಜಮಾನನು ಕೈಗಳನ್ನೆತ್ತಿ ನಿಂತಾಗಿನ ಎತ್ತರ. ಅದು 120 ಅಂಗುಲ. ಮೊದಲನೆಯ ಚಿತಿಯ ಕ್ಷೇತ್ರವು ಏಳೂವರೆ ಚದರ ಪುರುಷ. ಎರಡನೆಯ ಸಲ ಎಂಟೂವರೆ. ಹೀಗೆ ಒಂದೊಂದೇ ಹೆಚ್ಚುತ್ತ ನೂರಾ ಒಂದೂವರೆಯವರೆಗೆ ಹೋಗಬಹುದು. ಆದರೆ ಹಕ್ಕಿಯ ಆಕಾರವು ಕೆಡಕೂಡದು. ಏಳೂವರೆಯು ಎಂಟೂವರೆಯಾಗಬೇಕಾದರೆ 120 ಅಂಗುಲದ ಅಳತೆಯು ಸುಮಾರು ಏಳು ಮುಕ್ಕಾಲು ಅಂಗುಲ ಬೆಳೆದರೆ ಸಾಕು. ರೆಕ್ಕೆ, ಬಾಲ, ಇಟ್ಟಿಗೆ ಎಲ್ಲವೂ ಆ ಲೆಕ್ಕದಲ್ಲಿಯೇ ಹಿಗ್ಗುವುವು. ಇದನ್ನು ಹೇಳಿದಾಗ ಹುಡುಗಿಯು, “ದೊಡ್ಡಪ್ಪಾ, ನೀವು ನಮ್ಮ ಕಾಲೇಜಿನಾಗ ಪಾಠ ಹೇಳಬೇಕಿತ್ತು,” ಎಂದು ನಕ್ಕಳು. ನಮಗೂ ಒಳಗೊಳಗೇ ಹೆಮ್ಮೆಯಾಯಿತು. ಆ ಹೆಮ್ಮೆಯು ಎಕಂಬೆಯವರೆಗೆ ಮಾತ್ರ ಉಳಿಯಿತೆಂಬುದನ್ನು ಮುಂದೆ ಹೇಳುವೆವು.

ಹೊರಡುವ ಮುನ್ನಾದಿನ ಬೀದರಿನಲ್ಲಿಯೇ ಎರಡು ಸ್ಥಳಗಳನ್ನು ಆಕೆಗೆ ತೋರಿಸಿದೆವು. ಒಂದು, ಉದಗೀರ ರಸ್ತೆಯ ಬರೀದಶಾಹಿ ಉದ್ಯಾನ. 1577ರ ಸುಮಾರಿಗೆ ಕಟ್ಟಿದ ಆಲಿ ಬರೀದಶಾಹನ ಗೋರಿಯು ಅಲ್ಲಿ ನಾಲ್ಕೂ ದಿಕ್ಕಿಗೆ ತೆರೆದ ಕಮಾನುಗಳಿಂದ ನಿಂತಿರುವುದು. ತೋಟವು ಅದನ್ನು ನಡುವಿಟ್ಟುಕೊಂಡು ನಾಲ್ಕು ಪಾಲಾಗಿರುವುದು. ಪಾರಸೀಕರ ಚಾರಬಾಗೆಂಬ ಈ ಕ್ರಮದಲ್ಲಿ ನಡುವಿನ ಬಿಂದುವೇ ಆಧಾರ; ಅದನ್ನು ಗೊತ್ತುಮಾಡಿದರೆ ದಾರಿ, ಬಾಗಿಲು, ಪಾತಿ ಎಲ್ಲವೂ ತಮ್ಮ ಸ್ಥಾನವನ್ನು ತಾವೇ ಕಂಡುಕೊಳ್ಳುವುವು. ಇನ್ನೊಂದು, ನೌಬಾದದ ಸುರಂಗಬಾವಿ. ಕ್ರಿ. ಶ. 15ನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಇರಾನದೇಶದ ರೀತಿಯಿಂದ ತೋಡಿದ ಕರೇಜವಿದು; ಎರಡು ಕಿಲೋಮೀಟರಿಗೂ ಮಿಕ್ಕು ನೆಲದೊಳಗೆ ಹರಿಯುವ ಕಾಲುವೆ. ಬೀದರ ಪಟ್ಟಣವು ಕೂತಿರುವ ಜಂಬಿಟ್ಟಿಗೆಯ ಕಲ್ಲು ಜಾಲರಿಯಂತೆ ನೀರನ್ನು ಇಳಿಯಗೊಡುವುದು. ಅದರ ಕೆಳಗಿನ ಕರಿಕಲ್ಲು ತಡೆಯುವುದು. ಆ ಎರಡರ ನಡುವೆ ಸೇರಿದ ನೀರನ್ನು ತುಸುವೇ ಇಳಿಜಾರಿನಿಂದ ಊರ ಕಡೆಗೆ ನಡೆಯಿಸಿರುವರು. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನು ಕೊರೆಯುವುದು, ಕಡಮೆಯಾದರೆ ಹೂಳು ತುಂಬುವುದು. ನಡುನಡುವೆ ಗಾಳಿಗೂ ಮಣ್ಣೆತ್ತಲಿಕ್ಕೂ ಬಾವಿಗಳಂಥ ಬಾಯಿಗಳನ್ನು ಬಿಟ್ಟಿರುವರು. ಬಹುಕಾಲ ಹೂತುಹೋಗಿದ್ದ ಇದರ ಹೂಳನ್ನು 2010ರ ದಶಕದಲ್ಲಿ ತೆಗೆಯಿಸಲಾಯಿತು. ಹುಡುಗಿಯು ಒಂದು ಬಾಯಿಯೊಳಗೆ ಬಹಳ ಹೊತ್ತು ಇಣಿಕಿ ನೋಡಿದಳು, ಏನೂ ಮಾತಾಡಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಔರಾದದ ಹಾದಿ ಹಿಡಿದೆವು. ಬೀದರಿನ ಕೆಂಪು ದಿಬ್ಬವನ್ನು ಇಳಿದು ಮಾಂಜರಾ ನದಿಯ ಸೇತುವೆಯನ್ನು ದಾಟುವಷ್ಟರಲ್ಲಿ ನೆಲದ ಬಣ್ಣವೇ ಬೇರೆಯಾಗುವುದು. ಕೆಮ್ಮಣ್ಣು ಹಿಂದುಳಿದು ಎರೆಯ ಭೂಮಿಯು ಕಣ್ಣು ಹಾಯುವತನಕ ಹರಡಿರುವುದು. ಮಳೆಗಾಲದಲ್ಲಿ ಹೆಸರು, ಉದ್ದು, ಸೋಯಾ, ತೊಗರಿ; ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ. ವೈಶಾಖದಲ್ಲಾದರೋ ಹೊಲಗಳೆಲ್ಲ ಬರಿದು. ನೆಲವು ಅಂಗೈ ಅಗಲದ ಬಿರುಕುಗಳನ್ನು ಬಿಟ್ಟು ಆಕಾಶವನ್ನು ನೋಡುತ್ತಿರುವುದು. ಈ ಮಣ್ಣು ನೀರು ಕುಡಿದರೆ ಉಬ್ಬುವುದು, ಒಣಗಿದರೆ ಕುಗ್ಗುವುದು. ಇದರ ಮೇಲೆ ಹಾಸಿದ ತೆಳು ಸಿಮೆಂಟಿನ ದಾರಿಯು ಬಿರಿಯದೆ ಉಳಿಯುವುದು ಅಪರೂಪ. ಔರಾದದಲ್ಲಿ ಅಮರೇಶ್ವರನ ದರ್ಶನ ಮಾಡಿಕೊಂಡು ಇನ್ನೊಂದು ಬಂಡಿ ಹಿಡಿದು ಎಕಂಬೆಯನ್ನು ಸೇರಿದೆವು.

ಹೊಲದ ಬದುವಿನ ಬೇವಿನ ಕೆಳಗೆ ಕುಳಿತು ಹುಡುಗಿಯು ನಕ್ಷೆಯನ್ನು ತೆರೆದಳು. ಅಲ್ಲಿಯೇ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಕೋಲೂರಿ ನಿಂತು ನೋಡಿದಳು. ನಮ್ಮ ಬಾಲ್ಯವನ್ನು ಬಲ್ಲವಳು ಆಕೆ. “ಮಾಸ್ತರ್ರೇ, ಈ ನೀಲಿದು ಏನು?” ಎಂದು ಕೇಳಿದಳು. ಕೊಳವೆಂದೆವು. “ಇದು ಆ ಮೂಲ್ಯಾಗ ತೋರಸ್ಲಿಕತ್ತದ. ಅಲ್ಲಿ ನೀರು ಎಲ್ಲಿ ನಿಂದರ್ತದ್ರೀ? ಮಳಿ ಬಂದ್ರ ನೀರೆಲ್ಲ ಈ ಕಡಿಗೆ, ಸಾಲಿ ಗ್ವಾಡಿ ಬುಡಕ್ಕ ಬರ್ತದ. ನಿಮ್ಮ ಬಣ್ಣದ ದಾರಿ ಇದ್ದಲ್ಲಿ ಹುಡುಗುರು ಮೊಳಕಾಲತನಾ ಕೆಸರಾಗ ಸಿಗಬೀಳ್ತಾವ,” ಎಂದಳು. ನಾವು ಹುಡುಗಿಯ ಮುಖವನ್ನು ನೋಡಿದೆವು. ಆಕೆ ತೆರೆಯ ಮುಖವನ್ನು ನೋಡಿದಳು.

ತಪ್ಪು ಎಲ್ಲಿತ್ತೆಂಬುದು ಆ ಸಂಜೆಯೊಳಗಾಗಿ ತಿಳಿಯಿತು. ನೆಲದ ಏರುತಗ್ಗುಗಳನ್ನು ಹುಡುಗಿಯು ಬೆಂಗಳೂರಿನಲ್ಲಿ ಕುಳಿತೇ ತೆಗೆದುಕೊಂಡಿದ್ದಳು. 2000ದ ಫೆಬ್ರುವರಿಯಲ್ಲಿ ಅಮೇರಿಕದ ಆಕಾಶನೌಕೆಯೊಂದು ಹನ್ನೊಂದು ದಿನ ಭೂಮಿಯನ್ನು ಸುತ್ತಿ ಅಳೆದ ಎತ್ತರಗಳು ಯಾರಿಗೆ ಬೇಕಾದರೂ ದೊರೆಯುವುವಂತೆ. ಆದರೆ ಅದರಲ್ಲಿ 30 ಮೀಟರು ಉದ್ದ 30 ಮೀಟರು ಅಗಲದ ಚೌಕಕ್ಕೆ ಒಂದೇ ಸಂಖ್ಯೆ. ನಮ್ಮ ಒಂದೂಕಾಲು ಎಕರೆಯೆಂದರೆ ಸುಮಾರು 5,060 ಚದರ ಮೀಟರು. ಎಂದರೆ ಇಡೀ ಹೊಲಕ್ಕೆ ಐದಾರು ಸಂಖ್ಯೆಗಳು! ಅವುಗಳಲ್ಲಿಯೂ ಒಂದೆರಡು ಮೀಟರಿನ ಹೆಚ್ಚುಕಡಮೆ ಸಹಜವೇ. ಬೆಟ್ಟಗಳನ್ನೂ ಕಣಿವೆಗಳನ್ನೂ ಅರಿಯಲು ಅದು ಸಾಕು. ಶಾಲೆಯ ಮಗುವಿನ ಕಾಲು ಎಲ್ಲಿ ಹೂಳುವುದೆಂಬುದನ್ನು ಅರಿಯಲು ಸಾಲದು. ನಿಯಮವು ನಿರ್ದುಷ್ಟವಾಗಿದ್ದಿತು, ನಿಯಮಕ್ಕೆ ಕೊಟ್ಟ ಅಳತೆಯು ನೆಲದ್ದಾಗಿರಲಿಲ್ಲ. ಶುಲ್ಬಸೂತ್ರಗಳನ್ನು ಹೇಳಿ ಹಿಗ್ಗಿದ್ದ ನಮಗೂ ಇದು ಹೊಳೆಯಲಿಲ್ಲವೆಂಬುದು ನಾಚಿಕೆಯ ಸಂಗತಿ. ಪುರುಷಪ್ರಮಾಣವನ್ನು ಸೂತ್ರಕಾರರು ಪುಸ್ತಕದಿಂದ ತೆಗೆದುಕೊಳ್ಳಲಿಲ್ಲ. ಎದುರಿಗೆ ನಿಂತ ಯಜಮಾನನನ್ನೇ ಅಳೆದರು.

ಮರುದಿನ ಗೌಂಡಿಯೊಬ್ಬನಿಂದ ನೀರು ತುಂಬಿದ ಲೆವೆಲ್ ಪೈಪನ್ನು ಎರವು ತಂದೆವು. ಪಾರದರ್ಶಕ ಕೊಳವೆಯ ಎರಡು ತುದಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುವುದೆಂಬ ಒಂದೇ ನಂಬಿಕೆಯ ಮೇಲೆ ನಡೆಯುವ ಸಾಧನವಿದು. ಹುಡುಗಿಯು ಒಂದು ತುದಿಯನ್ನೂ ಊರ ಹುಡುಗನೊಬ್ಬನು ಇನ್ನೊಂದನ್ನೂ ಹಿಡಿದು ಹತ್ತು ಹತ್ತು ಮೀಟರಿಗೆ ಗೂಟ ಹೊಡೆಯುತ್ತ ಹೋದರು. ನಾವು ಬೇವಿನ ನೆರಳಲ್ಲಿ ಕುಳಿತು ಅಂಕೆಗಳನ್ನು ಬರೆದುಕೊಂಡೆವು. ಲೆಕ್ಕವು ಮುಗಿದಾಗ ಮುದುಕಿಯ ಮಾತೇ ನಿಜವಾಯಿತು. ನೈಋತ್ಯದಿಂದ ಈಶಾನ್ಯದ ಕಡೆಗೆ 80 ಮೀಟರಿನಲ್ಲಿ ನೆಲವು 40 ಸೆಂಟಿಮೀಟರು ತಗ್ಗಿದ್ದಿತು. ಇನ್ನೂರಕ್ಕೆ ಒಂದರ ಇಳಿಜಾರು. ಕಣ್ಣಿಗೆ ಕಾಣದಷ್ಟು ತುಸು, ಆದರೆ ನೀರಿಗೆ ಬೇಕಾದಷ್ಟಾಯಿತು. “ದೊಡ್ಡಪ್ಪಾ, ನೌಬಾದದಾಗ ನೋಡಿದ್ದು ಇದೇ ಅಲ್ಲಾ?” ಎಂದಳು ಹುಡುಗಿ.

ಇನ್ನು ನೆರಳಿನ ಮಾತು. ನಮ್ಮ ಊರು ಉತ್ತರ ಅಕ್ಷಾಂಶ 18 ಡಿಗ್ರಿಗಿಂತ ತುಸು ಮೇಲಿರುವುದರಿಂದ ಮೇ ತಿಂಗಳ ನಡುವಿನಲ್ಲಿ ಸೂರ್ಯನು ನಡುಹಗಲಿಗೆ ಸರಿಯಾಗಿ ನೆತ್ತಿಗೆ ಬರುವನು. ನಾವು ಹೋದುದೂ ಆ ದಿನಗಳಲ್ಲಿಯೇ. ಜ್ಯೋತಿಷಗ್ರಂಥಗಳು ಹೇಳುವ ಶಂಕುವನ್ನು ಪರೀಕ್ಷಿಸುವ ಆಸೆಯಿಂದ ನೆಟ್ಟಗಿನ ಕೋಲೊಂದನ್ನು ನೆಲದಲ್ಲಿ ನಿಲ್ಲಿಸಿದೆವು. ಗಡಿಯಾರದಲ್ಲಿ ಹನ್ನೆರಡೂ ಕಾಲಾಗುವ ಹೊತ್ತಿಗೆ ಅದರ ನೆರಳು ಬುಡಕ್ಕೆ ಸರಿದು ಕಾಣದೆಹೋಯಿತು. ಶಾಲೆಗೆ ರಜೆಯಾದುದರಿಂದ ಸುತ್ತಲೂ ನೆರೆದಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ನಾಲ್ಕು ಗಂಟೆಗೆ ಅದೇ ಕೋಲಿನ ನೆರಳು ಕೋಲಿಗಿಂತ ಉದ್ದವಾಗಿ ಪೂರ್ವಕ್ಕೆ ಬಿದ್ದಿದ್ದಿತು. ಹುಡುಗಿಯ ಮಿಡತೆಯೂ ಇದೇ ಲೆಕ್ಕವನ್ನು ವರ್ಷದ ಪ್ರತಿಯೊಂದು ದಿನದ ಪ್ರತಿಯೊಂದು ಗಂಟೆಗೂ ಮಾಡಿ ತೋರಿಸಿತು. ಮೊದಲ ನಕ್ಷೆಯಲ್ಲಿ ಕೂಡುವ ಕಟ್ಟೆಗಳು ಚೆಲುವಿಗಾಗಿ ಮರಗಳ ಪಶ್ಚಿಮಕ್ಕಿದ್ದುವು. ಸಂಜೆಯ ಮುಂದೆ ಅಲ್ಲಿ ಕೂತವನು ಬಿಸಿಲನ್ನೇ ಉಣ್ಣಬೇಕು. ಅವುಗಳನ್ನು ಪೂರ್ವಕ್ಕೆ ಸರಿಸಿದೆವು.

ಆಮೇಲೆ ಹುಡುಗಿಯು ತನ್ನ ನಿಯಮಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆದಳು. ಮೊದಲು ದಾರಿಯ ಬಳುಕು ಆಧಾರವಾಗಿದ್ದಿತು, ನೀರು ಅದನ್ನು ಅನುಸರಿಸಬೇಕಾಗಿದ್ದಿತು. ಈಗ ನೀರು ಆಧಾರವಾಯಿತು. ಎರಡನೆಯದು ಜನರ ಹೆಜ್ಜೆ. ಶಾಲೆಗೆ ಹೋಗುವ ಮಕ್ಕಳೂ ಹೊಲಕ್ಕೆ ಬುತ್ತಿ ಒಯ್ಯುವ ಹೆಂಗಸರೂ ಹೊಲದ ನಡುವೆ ಸವೆಯಿಸಿದ ಕಾಲುದಾರಿಯೊಂದಿತ್ತು. ಅದನ್ನು ಗೂಟಗಳಿಂದ ಗುರುತಿಸಿ ಹಾಗೆಯೇ ಉಳಿಸಿ, ಮೊಣಕಾಲುದ್ದ ತೋಡಿ ಗರಸು ತುಂಬುವುದೆಂದು ಗೊತ್ತಾಯಿತು. ಕೊಳವು ಈಶಾನ್ಯದ ಮೂಲೆಗೆ, ಶಾಲೆಯ ಗೋಡೆಯಿಂದ ದೂರಕ್ಕೆ ಬಂದಿತು. ಅದರ ಅಡ್ಡಳತೆ 12 ಮೀಟರು, ಸರಾಸರಿ ಆಳ ಒಂದು ಮೀಟರೆಂದರೆ ತೋಡಿದ ಮಣ್ಣು 113 ಘನಮೀಟರು. ಆ ಮಣ್ಣನ್ನು ಹೊರಗೆ ಸಾಗಿಸದೆ ಮರಗಳ ಬುಡದ ದಿಬ್ಬಗಳಿಗೆ ಹಾಕಬೇಕೆಂಬುದು ಇನ್ನೊಂದು ನಿಯಮ. ಎರೆಯಲ್ಲಿ ಬೇರಿಗೆ ನೀರು ನಿಂತರೆ ಎಳೆಗಿಡವು ಕೊಳೆಯುವುದರಿಂದ ದಿಬ್ಬವು ಅವಶ್ಯವೇ. ಅಡ್ಡಳತೆಯನ್ನು 14ಕ್ಕೆ ಏರಿಸಿದ ಕೂಡಲೆ ಮಣ್ಣು 154 ಘನಮೀಟರಾಗಿ ದಿಬ್ಬಗಳು ತೆರೆಯ ಮೇಲೆ ಉಬ್ಬಿ ದಾರಿಗೆ ಅಡ್ಡ ಬಂದುವು. ಕೂಲಿಯ ಖರ್ಚೂ ಪಕ್ಕದಲ್ಲಿ ಏರಿತು. ಹನ್ನೆರಡಕ್ಕೇ ನಿಲ್ಲಿಸಿದೆವು. 50 ಮಿಲ್ಲಿಮೀಟರಿನ ಒಂದು ಮಳೆಗೆ ಈ ಹೊಲದ ಮೇಲೆ 250 ಘನಮೀಟರು ನೀರು ಬೀಳುವುದು. ಕೊಳದಲ್ಲಿ ನಿಲ್ಲದ್ದು ಹಳೆಯ ಹಾದಿಯಿಂದಲೇ ಹಳ್ಳಕ್ಕೆ ಹೋಗಲೆಂದು ಒಂದು ಕೋಡಿಯನ್ನು ಬಿಟ್ಟೆವು. ಹೀಗೆ ಲೆಕ್ಕವು ಕೂಡಲೇ ಕಣ್ಣಿಗೆ ಕಾಣುವುದೇ ಈ ಸಾಧನದ ದೊಡ್ಡ ಗುಣ. ಕಾಗದದ ಮೇಲಾದರೆ ಒಂದೊಂದು ಬದಲಿಗೂ ಒಂದೊಂದು ವಾರ ಹಿಡಿಯುತ್ತಿತ್ತು. ಬೇಸತ್ತು ಮೊದಲಿನದನ್ನೇ ಒಪ್ಪಿಕೊಳ್ಳುತ್ತಿದ್ದೆವೋ ಏನೋ!

ಹೊಸ ನಕ್ಷೆಯಲ್ಲಿ ಬಳುಕಿನ ಚೆಲುವು ಬಹುಪಾಲು ಹೋಯಿತು. ಹುಡುಗಿಗೆ ಅದರ ನೋವಿದ್ದಿತೆಂಬುದು ನಮಗೆ ಗೊತ್ತು. ಮುದುಕಿಯನ್ನು ಕರೆದು ತೋರಿಸಿದಾಗ ಆಕೆ ಬಹಳ ಹೊತ್ತು ನೋಡಿ, “ಹಾಂ, ಇದು ನಮ್ಮ ಹೊಲಾನೇ,” ಎಂದಳು. ಕೊಳಕ್ಕೆ ಕಂಬಿಯ ಬೇಲಿ ಬ್ಯಾಡ, ಆಡು ಇಳಿಯದಂತೆ ಕಲ್ಲು ಕಟ್ಟಿಸಿರೆಂಬ ಸೂಚನೆಯನ್ನೂ ಕೊಟ್ಟಳು. ಕಾಪಾಡುವವರು ಯಾರೆಂಬ ಮಗನ ಪ್ರಶ್ನೆಗೆ ಅರ್ಧ ಉತ್ತರವು ಇಲ್ಲಿಯೇ ಸಿಕ್ಕಿತೆಂದು ನಮಗೆ ತೋರಿತು. ತಾವು ನಡೆದ ದಾರಿಯನ್ನು ಉಳಿಸಿದ ತೋಟವನ್ನು ಜನರು ತಮ್ಮದೆನ್ನುವರು. ದಾರಿಯನ್ನು ಮುಚ್ಚಿದ ತೋಟದ ಬೇಲಿಯನ್ನು ಮೊದಲನೆಯ ತಿಂಗಳಿನಲ್ಲಿಯೇ ಮುರಿಯುವರು. ಉಳಿದರ್ಧ ಉತ್ತರವನ್ನು ವರ್ಷಗಳೇ ಹೇಳಬೇಕು.

ಮೃಗಶಿರಾ ಮಳೆ ಬಂದಾಗ, ಜೂನ ತಿಂಗಳಲ್ಲಿ, ಮತ್ತೆ ಹೋದೆವು. ಆ ಹೊತ್ತಿಗೆ ಕೊಳದ ಗುಂಡಿಯು ಅರ್ಧ ಮಾತ್ರ ತೋಡಿ ಮುಗಿದಿದ್ದಿತು. ರಾತ್ರಿಯ ಮಳೆಯ ನೀರು ಮುದುಕಿ ಹೇಳಿದ ಹಾದಿಯಲ್ಲಿಯೇ ಬಂದು ಅದರಲ್ಲಿ ನಿಂತಿದ್ದಿತು. ಶಾಲೆಯ ಗೋಡೆಯ ಬುಡವು ಒಣಗಿದ್ದಿತು. ನಮ್ಮ ಮಗನಿಗೆ ಅದರ ಚಿತ್ರವನ್ನು ಕಳಿಸಿದೆವು. ಸಂಜೆ ಅವನು ದೂರವಾಣಿಯಲ್ಲಿ, “ಈ ವರ್ಷ ಮಾರುವ ಮಾತು ಬೇಡ, ಅಪ್ಪಾ. ಗಿಡಗಳಿಗೆ ನನ್ನದೂ ಸ್ವಲ್ಪ ಹಣವಿರಲಿ,” ಎಂದನು. ಮಾರುವುದೇ ಇಲ್ಲವೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಒಂಬತ್ತು ಬೇವು, ಎರಡು ಹುಣಸೆ, ಒಂದು ಅತ್ತಿಯನ್ನು ದಿಬ್ಬಗಳ ಮೇಲೆ ಹಚ್ಚಿ, ಶಾಲೆಯ ಮಕ್ಕಳಿಗೆ ಒಂದೊಂದನ್ನು ಹಂಚಿಕೊಟ್ಟೆವು.

ಹೊರಡುವ ಮೊದಲು ಹುಡುಗಿಯು ತೆರೆಯ ಮೇಲೆ ಇನ್ನೊಂದು ಗುಂಡಿಯನ್ನು ತೋರಿಸಿದಳು. ಅದು ಗಿಡಗಳ ವಯಸ್ಸಿನದು. ಒಂದರಲ್ಲಿ ನಿಲ್ಲಿಸಿದಾಗ ನೆರಳು ತಟ್ಟೆಯಷ್ಟು. ಹತ್ತಕ್ಕೆ ಸರಿಸಿದಾಗ ಕಟ್ಟೆಗಳ ಮೇಲೆ ಬಂದಿತು. ಇಪ್ಪತ್ತಕ್ಕೆ ಸರಿಸಿದಾಗ ಕಾಲುದಾರಿಯನ್ನೆಲ್ಲ ಮುಚ್ಚಿ ಶಾಲೆಯ ಬಾಗಿಲನ್ನು ಮುಟ್ಟಿತು. ಆಗ ನಮಗೆ ಎಂಬತ್ತು. ನಮ್ಮ ತಮ್ಮನು ಕೇಳಿದ್ದು ನಾಲ್ಕೇ ಗಿಡಗಳ ನೆರಳನ್ನು. ನಾವು ಆ ಗುಂಡಿಯನ್ನು ಮತ್ತೆ ಒಂದಕ್ಕೆ ತಂದು ನಿಲ್ಲಿಸಿ, ಕೊಡವನ್ನೆತ್ತಿಕೊಂಡು ಅತ್ತಿಯ ಸಸಿಗೆ ನೀರೆರೆದು ಬಸ್ಸಿನ ಕಡೆಗೆ ನಡೆದೆವು.